ಕೋಶದೊಳಗಿನ ನೆಂಟ

ಉಂಡ ಮನೆಯ ಜಂತೆ ಎಣಿಸುವವರನ್ನು ವಾಚಕರೆಲ್ಲರೂ ಬಲ್ಲರು. ಅಂಥವರನ್ನೂ ಮೀರಿಸಿದ ಜೀವಿಯೊಂದುಂಟು. ಅದರ ಹೆಸರು ಕ್ಲಮೈಡಿಯ ಟ್ರಕೋಮಾಟಿಸ್. ಈ ಬ್ಯಾಕ್ಟೀರಿಯ ಮನುಷ್ಯನ ಜೀವಕೋಶವನ್ನು ಹೊಕ್ಕು, ಅಲ್ಲಿಯ ಸಾರವನ್ನೇ ಉಂಡು, ನೂರ್ಮಡಿಯಾಗಿ, ಎರಡು ಮೂರು ದಿನಗಳಲ್ಲಿ ಹೊರಬೀಳುತ್ತದೆ. ರೆಪ್ಪೆಯ ಒಳಮೈಗೆ ಈ ಸೋಂಕು ಮರಳಿ ಮರಳಿ ತಗುಲಿದರೆ ಅದೇ ಟ್ರಕೋಮಾ. ಕಲೆಗಟ್ಟಿದ ರೆಪ್ಪೆ ಒಳಕ್ಕೆ ಮಡಿಚಿ, ಎವೆಗೂದಲು ಕಣ್ಣಾಲಿಯನ್ನು ಉಜ್ಜಿ ಉಜ್ಜಿ ದೃಷ್ಟಿಯನ್ನೇ ಕಳೆಯುತ್ತದೆ. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಇದು ಭಾರತದಲ್ಲಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2024ರಲ್ಲಿ.

ಬೀಜಿಂಗಿನ ಟಾಂಗ್ ಫೀಫಾನರು 1957ರಲ್ಲಿ ಇದನ್ನು ಕೋಳಿಯ ಮೊಟ್ಟೆಯಲ್ಲಿ ಬೆಳೆಸಿ ತೋರಿಸಿದರು. ರೋಗಕ್ಕೆ ಇದೇ ಕಾರಣವೆಂದು ಸ್ಥಾಪಿಸಲು ತಮ್ಮ ಕಣ್ಣಿಗೇ ಸೋಂಕು ಹಚ್ಚಿಕೊಂಡರು. ಜೀವಕೋಶದ ಹೊರಗೆ ಬೆಳೆಯದ ಕಾರಣ ಆಗ ಇದನ್ನು ವೈರಸ್ಸೆಂದೇ ಎಣಿಸಿದ್ದರು.

ಯಾವ ವಂಶವಾಹಿಯ ಕೆಲಸವೇನೆಂದು ತಿಳಿಯಬೇಕಾದರೆ ಅದನ್ನು ಕೆಡಿಸಿಯೋ ಬದಲಿಸಿಯೋ ನೋಡಬೇಕು. ಕ್ಲಮೈಡಿಯವಾದರೋ ಹೊರಗಿರುವಾಗ ಗಟ್ಟಿ ಸಿಪ್ಪೆಯ ಬೀಜದಂತೆ. ಒಳಗಿರುವಾಗ ಕೋಶದ ಪೊರೆ, ತಾನಿರುವ ಕೋಣೆಯ ಪೊರೆ, ತನ್ನದೇ ಕವಚ, ಇಷ್ಟರ ಹಿಂದೆ ಅಡಗಿರುತ್ತದೆ. 1998ರಲ್ಲಿ ಇದರ ಸುಮಾರು ಒಂಬೈನೂರು ವಂಶವಾಹಿಗಳ ಪಾಠವೆಲ್ಲ ಓದಿಗೆ ದಕ್ಕಿತು. ಗ್ರಂಥ ಕೈಯಲ್ಲಿತ್ತು, ತಿದ್ದಲು ಲೇಖನಿಯಿರಲಿಲ್ಲ.

ಲೇಖನಿ ದೊರೆತದ್ದು 2011ರಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ. ಕ್ಲಮೈಡಿಯದಲ್ಲಿ ಸುಮಾರು 7,500 ಅಕ್ಷರಗಳ ಪುಟ್ಟ ಡಿ.ಎನ್.ಎ. ಬಳೆಯೊಂದಿದೆ, ಅದರ ಹೆಸರು ಪ್ಲಾಸ್ಮಿಡ್. ಇಯಾನ್ ಕ್ಲಾರ್ಕರೂ ಸಂಗಡಿಗರೂ ಅದನ್ನು ಎಶೆರಿಕಿಯ ಕೋಲೈ ಎಂಬ ಸುಲಭವಾಗಿ ಬೆಳೆಯುವ ಬ್ಯಾಕ್ಟೀರಿಯದ ಬಳೆಯೊಂದಿಗೆ ಬೆಸೆದು, ಪೆನಿಸಿಲಿನ್ನನ್ನು ತಡೆಯುವ ವಂಶವಾಹಿಯನ್ನೂ ಸೇರಿಸಿದರು. ಸಂಧಿಪ್ರಕರಣವನ್ನು ಬೋಧಿಸುವ ನನಗೆ ಈ ಬೆಸುಗೆ ಬಹು ಹಿಡಿಸಿತು. ಬೀಜರೂಪದ ಕ್ಲಮೈಡಿಯವನ್ನು ಕ್ಯಾಲ್ಸಿಯಂ ಕ್ಲೋರೈಡಿನ ದ್ರವದಲ್ಲಿ ಈ ಬಳೆಯೊಡನೆ ಇಟ್ಟು, ಕೋಶಗಳಿಗೆ ಸೋಂಕಿಸಿ, ಪೆನಿಸಿಲಿನ್ ಹಾಕಿದರು. ಬಳೆ ದಕ್ಕದವು ಉಬ್ಬಿ, ಒಡೆದು ಎರಡಾಗಲಾರದೆ ನಿಂತವು. ದಕ್ಕಿದವು ಮಾತ್ರ ಪೀಳಿಗೆ ಬೆಳೆಸಿದವು. ಹಸಿರಾಗಿ ಬೆಳಗುವ ಪ್ರೋಟೀನಿನ ವಂಶವಾಹಿಯನ್ನೂ ಕೂಡಿಸಿದಾಗ ಜೀವಂತ ಕೋಶದೊಳಗೆ ಅವುಗಳ ಸಂಸಾರವೇ ಕಣ್ಣಿಗೆ ಕಂಡಿತು.

ಇಲ್ಲೊಂದು ಅಳುಕೂ ಉಂಟು. ಟ್ರಕೋಮಾಕ್ಕೆ ಊರೂರಿಗೆ ಹಂಚುವ ಔಷಧ ಅಜಿತ್ರೋಮೈಸಿನ್. ಅದನ್ನು ತಡೆಯುವ ಗುಣವನ್ನು ನಾವೇ ರೋಗಾಣುವಿಗೆ ಉಡಿತುಂಬುವುದು ಅವಿವೇಕ. ಪೆನಿಸಿಲಿನ್ನಿನ ಆಯ್ಕೆಯೂ ಪೂರ್ಣ ನಿರಾತಂಕವೆನ್ನಲಾರೆ, ಏಕೆಂದರೆ ಅದೇ ವರ್ಗದ ಅಮಾಕ್ಸಿಸಿಲಿನ್ನನ್ನು ಈ ಸೋಂಕಿರುವ ಗರ್ಭಿಣಿಯರಿಗೆ ಕೊಡುವುದುಂಟು.

2013ರಲ್ಲಿ ಅಮೆರಿಕದ ಸಂಶೋಧಕರು ಇಂಕ್‌ಎ ಎಂಬ ವಂಶವಾಹಿಯ ನಡುವೆ ಅನ್ಯ ತುಣುಕೊಂದನ್ನು ತೂರಿಸಿ ಅದನ್ನು ಕೆಡಿಸಿದರು. ಒಂದೇ ಕೋಶವನ್ನು ಹೊಕ್ಕ ಹಲವು ಕ್ಲಮೈಡಿಯಗಳ ಕೋಣೆಗಳು ಸಾಮಾನ್ಯವಾಗಿ ಕೂಡಿ ಒಂದಾಗುತ್ತವೆ. ಈ ಸಲ ಅವು ಕೂಡಲಿಲ್ಲ, ಬೇರೆಬೇರೆಯಾಗಿಯೇ ಉಳಿದವು.