ಬೆಕ್ಕು ಸೀನಿದರೆ

ಹೊರಗೆ ಹೊರಟಾಗ ಯಾರಾದರೂ ಒಂಟಿ ಸೀನು ಸೀನಿದರೆ ಎರಡು ನಿಮಿಷ ಕೂತು, ನೀರು ಕುಡಿದು ಹೋಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಬೆಕ್ಕಿನ ಲೆಕ್ಕ ಇದಕ್ಕೆ ಉಲ್ಟಾ. ಒಂದು ಸಲ ಸೀನಿ ತನ್ನ ಪಾಡಿಗೆ ಆಟಕ್ಕೆ ಹೋದರೆ ಚಿಂತೆಯಿಲ್ಲ. ಒಗ್ಗರಣೆಯ ಘಾಟು, ಊದುಬತ್ತಿಯ ಹೊಗೆ, ಸೊಳ್ಳೆಬತ್ತಿ, ಅಜ್ಜನ ನಶ್ಯ, ಇಷ್ಟು ಸಾಕು ಅದರ ಮೂಗಿಗೆ.

ಮಕ್ಕಳೇ, ನೀವು ಗಮನಿಸಬೇಕಾದದ್ದು ದಿನವಿಡೀ ಪದೇ ಪದೇ ಬರುವ ಸೀನನ್ನು. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಕು, ಎಷ್ಟು ಸಲ ಸೀನಿತು, ತಿಂದಿತೋ ಇಲ್ಲವೋ, ಕಣ್ಣು ಮೂಗಿನಿಂದ ಏನು ಸುರಿಯಿತು ಎಂದು ಬರೆದಿಡಿ. (ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನ ಚಾಳಿ ಎಂದು ನಗಬೇಡಿ, ಪಶುವೈದ್ಯರು ಕೇಳುವುದೂ ಇದನ್ನೇ.) ಒಂದೇ ಹೊಳ್ಳೆಯಿಂದ ಸುರಿಯುತ್ತಿದ್ದು, ಬೆಕ್ಕು ಮುಖ ಉಜ್ಜಿಕೊಳ್ಳುತ್ತಿದ್ದರೆ ಒಳಗೆ ಹುಲ್ಲಿನ ಎಸಳು ಸಿಕ್ಕಿರಬಹುದು. ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ.

ಮರಿಗಳಿಗೆ ಹೆಚ್ಚಾಗಿ ಬರುವುದು ಬೆಕ್ಕಿನ ನೆಗಡಿ. ಹರ್ಪಿಸ್, ಕ್ಯಾಲಿಸಿ ಎಂಬ ವೈರಸ್‌ಗಳು ಇದಕ್ಕೆ ಮುಖ್ಯ ಕಾರಣ. ಬೆಕ್ಕಿನ ಈ ವೈರಸ್‌ಗಳು ನಮಗೆ ಅಂಟುವುದಿಲ್ಲ. ಆದರೆ ನಮ್ಮ ಕೈಯಿಂದ, ಬಟ್ಟಲಿನಿಂದ ಇನ್ನೊಂದು ಬೆಕ್ಕಿಗೆ ಹೋಗುತ್ತವೆ, ಹಾಗಾಗಿ ಮುಟ್ಟಿದ ಮೇಲೆ ಕೈ ತೊಳೆಯಿರಿ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯದೆ ಊಟ ಬಿಡುತ್ತದೆ. ಮೀನಿನ ತುಂಡನ್ನು ಉಗುರುಬೆಚ್ಚಗೆ ಮಾಡಿ ಕೊಟ್ಟು ನೋಡಿ. ಒದ್ದೆ ಹತ್ತಿಯಿಂದ ಮೂಗು ಒರೆಸಿ. ಬಿಸಿನೀರು ಬಿಟ್ಟ ಬಚ್ಚಲುಮನೆಯ ಹಬೆಯಲ್ಲಿ ಹತ್ತು ನಿಮಿಷ ಜೊತೆಗೆ ಕೂತರೆ ಕಟ್ಟಿದ ಮೂಗು ಸಡಿಲವಾಗುತ್ತದೆ.

ಇನ್ನು ಅಜ್ಜ ಅಜ್ಜಿಯರಿಗೆ ಒಂದು ಮಾತು. ಮೊಮ್ಮಗುವಿಗೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆಯಲ್ಲೇ ಒಂದು ಚೂರು ಬೆಕ್ಕಿಗೂ ಕೊಡೋಣ ಅನ್ನಿಸೀತು. ದಯವಿಟ್ಟು ಬೇಡ. ಕ್ರೋಸಿನ್, ಡೋಲೋ ಎಂದು ಹೆಸರು ಬೇರೆ ಇದ್ದರೂ ಒಳಗಿರುವುದು ಅದೇ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ನೆಗಡಿಯ ಮುಲಾಮು, ನೀಲಗಿರಿ ಎಣ್ಣೆಯನ್ನೂ ಹಚ್ಚಬೇಡಿ. ಬೆಕ್ಕು ಮೈ ನೆಕ್ಕುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ.

ಸಿಂಬಳ ಹಳದಿ ಹಸಿರಾದರೆ, ಇಡೀ ದಿನ ತಿನ್ನದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಬಾಯಿ ತೆರೆದು ಉಸಿರಾಡಿದರೆ ಆ ಕ್ಷಣವೇ ಹೊರಡಿ. ಚಿಕ್ಕ ಮರಿಯಾದರೆ ಒಂದು ದಿನವೂ ಕಾಯಬೇಡಿ. ಈ ನೆಗಡಿಗೆ ಲಸಿಕೆಯೂ ಇದೆ. ಮರಿಗೆ ಎಂಟು ವಾರ ತುಂಬುವ ಹೊತ್ತಿಗೆ ಒಮ್ಮೆ ವೈದ್ಯರನ್ನು ಕೇಳಿ, ಮುಂದಿನ ಚುಚ್ಚುಮದ್ದಿನ ತಾರೀಕನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡು ಬನ್ನಿ.