ಅಳಿವೆ ಮುಚ್ಚಿದರೆ ಬೋರ್ಡು ಏನು ಮಾಡೀತು?

ಶ್ರೀಹರಿಕೋಟಾದಿಂದ ರಾಕೆಟ್ ಹಾರುವುದನ್ನು ನಾವೆಲ್ಲ ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿದ್ದೇವೆ. ಆ ದ್ವೀಪದ ಬೆನ್ನಿಗೇ ಹರಡಿರುವ ನೀರಿನ ಕಡೆ ಕ್ಯಾಮೆರಾ ತಿರುಗುವುದು ಕಡಿಮೆ. ಅದು ಪುಲಿಕಾಟ್ ಸರೋವರ. ಚೆನ್ನೈನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಒಡಿಶಾದ ಚಿಲಿಕಾ ಬಿಟ್ಟರೆ ದೇಶದಲ್ಲೇ ದೊಡ್ಡ ಸವಳುನೀರಿನ ಸರೋವರ. ಬಹುಭಾಗ ಆಂಧ್ರದಲ್ಲಿದೆ, ದಕ್ಷಿಣದ ತುದಿ ತಮಿಳುನಾಡಿನಲ್ಲಿ. ಎರಡೂ ಸರಕಾರಗಳು ಇದನ್ನು ಪಕ್ಷಿಧಾಮ ಎಂದು ಘೋಷಿಸಿ ನಾಲ್ಕು ದಶಕ ದಾಟಿದೆ.

ಘೋಷಣೆಯಿಂದ ಮಾತ್ರ ಸರೋವರ ಉಳಿಯುವುದಿಲ್ಲ. ಅಲ್ಲಿ ಬಲೆ ಬೀಸುವವರ ಮಾತಿಗೆ ಬೆಲೆ ಬಂದರೆ ಉಳಿದೀತು. ಇದು ನಮ್ಮ ಅಭಿಪ್ರಾಯ.

ಯಾಕೆ ಎಂದು ತಿಳಿಯಲು ನೀರಿನ ಲೆಕ್ಕ ನೋಡಬೇಕು. ಪುಲಿಕಾಟ್‌ನ ಸರಾಸರಿ ಆಳ ಒಂದು ಮೀಟರ್ ಆಸುಪಾಸು. ಹಿಂಗಾರಿನಲ್ಲಿ ಆರಣಿ, ಕಾಳಂಗಿ, ಸ್ವರ್ಣಮುಖಿ ಹೊಳೆಗಳು ಸಿಹಿನೀರು ತರುತ್ತವೆ. ಅಳಿವೆಯಿಂದ ಕಡಲು ಒಳಗೆ ಬರುತ್ತದೆ. ಸಿಗಡಿ ಮರಿಗಳು ಅದೇ ಬಾಗಿಲಿನಿಂದ ಬಂದು, ಬೆಳೆದು, ಮತ್ತೆ ಕಡಲಿಗೆ ಹೋಗುತ್ತವೆ. ಮಳೆ ನಿಂತು ಹೊಳೆಯ ರಭಸ ಇಳಿದ ಮೇಲೆ ಅಲೆಗಳು ತಂದ ಮರಳು ಬಾಗಿಲಿಗೆ ಅಡ್ಡ ಬೀಳುತ್ತದೆ. ಕೆಲವು ವರ್ಷ ಅಳಿವೆ ಮುಚ್ಚಿಯೇ ಹೋಗುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪು ಏರುತ್ತದೆ, ಮೀನು ಇಳಿಯುತ್ತದೆ. ರಾಜಹಂಸಗಳು ಮೇಯುವುದು ಇದೇ ನೀರಿನಲ್ಲಿ. ಹತ್ತಿರದ ನೇಲಪಟ್ಟುವಿನಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳು ಮೀನಿಗೆ ಬರುವುದೂ ಇಲ್ಲಿಗೇ. ಹಕ್ಕಿಗೂ ಮನುಷ್ಯನಿಗೂ ಒಂದೇ ಬಾಗಿಲು.

ಈ ಬಾಗಿಲು ಯಾವಾಗ ಕಟ್ಟುತ್ತದೆ ಎಂದು ಮೊದಲು ಗೊತ್ತಾಗುವುದು ದೋಣಿಯಲ್ಲಿರುವವರಿಗೆ. ಅವರಲ್ಲಿ 'ಪಾಡು' ಎಂಬ ಹಳೆಯ ಕಟ್ಟುಪಾಡಿದೆ. ಯಾವ ದಿನ ಯಾರು ಎಲ್ಲಿ ಬಲೆ ಹಾಕಬೇಕೆಂದು ಸರದಿ ಹಾಕಿಕೊಳ್ಳುತ್ತಾರೆ. ಒಳ್ಳೆಯ ಜಾಗ ಒಬ್ಬರ ಪಾಲಾಗುವುದಿಲ್ಲ. ಆದರೆ ಇದನ್ನು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಪಾಡಿನ ಹಕ್ಕು ಬಂದದ್ದು ಕೆಲವೇ ಊರುಗಳ ಗಂಡಸರಿಗೆ. ಕೈಯಲ್ಲೇ ತಡಕಿ ಸಿಗಡಿ ಹಿಡಿಯುವ ಇರುಳರು, ಹೆಂಗಸರು ಹೊರಗೇ ಉಳಿದರು. ನಿರ್ಧಾರದ ಜಗಲಿಯಲ್ಲಿ ಅವರಿಗೂ ಜಾಗ ಬೇಕು.

ಬಂದರು, ಕಾರ್ಖಾನೆ ಬಂದರೆ ಕೆಲಸ ಸಿಗುತ್ತದೆ ಎನ್ನುವವರಿದ್ದಾರೆ. ಆ ಮಾತು ಸುಳ್ಳಲ್ಲ, ಮೀನುಗಾರರ ಮಕ್ಕಳಿಗೂ ತಿಂಗಳ ಸಂಬಳ ಬೇಕು. ಆದರೆ ಲೆಕ್ಕ ಪೂರ್ತಿ ಇರಲಿ. ಆ ಕರಾವಳಿಯಲ್ಲಿ ವರ್ಷದ ಹೆಚ್ಚು ಕಾಲ ಮರಳು ಉತ್ತರಕ್ಕೆ ಸಾಗುತ್ತದೆ. ಬಂದರಿನ ತಡೆಗೋಡೆ ಅದನ್ನು ಹಿಡಿದರೆ ದಕ್ಷಿಣದಲ್ಲಿ ಮರಳು ತುಂಬುತ್ತದೆ, ಉತ್ತರದಲ್ಲಿ ದಂಡೆ ಕೊರೆಯುತ್ತದೆ. ಕಾಟ್ಟುಪಳ್ಳಿ ಬಂದರಿನ ಉತ್ತರಕ್ಕೇ ಪುಲಿಕಾಟ್ ಇದೆ. ಬಂದರು ವಿಸ್ತರಣೆ ಬೇಡ ಎಂದು ಮೀನುಗಾರರು ವರ್ಷಗಳಿಂದ ಹೇಳುತ್ತಿರುವುದು ಅದಕ್ಕೇ. ಪಕ್ಕದ ಎಣ್ಣೂರಿನಲ್ಲಿ ವಿದ್ಯುತ್ ಸ್ಥಾವರಗಳ ಹಾರುಬೂದಿ ಹಿನ್ನೀರಿಗೆ ಸೇರಿದ್ದನ್ನು ಅವರು ಕಂಡಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಅದೇ ಹಿನ್ನೀರಿಗೆ ಎಣ್ಣೆಯೂ ಬಂತು. ಹೊಸ ಕೆಲಸ ಎಷ್ಟು ಎಂದು ಬರೆಯುವ ಕಾಗದದಲ್ಲೇ ಹೋಗುವ ಕೆಲಸ ಎಷ್ಟು ಎಂದೂ ಬರೆಯಬೇಕಲ್ಲವೇ?

ಪಕ್ಷಿಧಾಮದ ಕಾನೂನು ಬಲೆ ಹಿಡಿದವನಿಗೆ ಬೇಗ ತಾಗುತ್ತದೆ. ಗಡಿಯಾಚೆಯಿಂದ ಬರುವ ಮರಳಿಗೆ, ಕೊಳಚೆಗೆ ಅದು ತಾಗುವುದು ನಿಧಾನ.

ಇದು ದೂರದ ಊರಿನ ಕತೆ ಅನ್ನಬೇಡಿ. ನಮ್ಮ ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬೆಳಚು ಆರಿಸುತ್ತಾರೆ, ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ತದಡಿಗೆ ವಿದ್ಯುತ್ ಸ್ಥಾವರ, ಬಂದರು ಎಂದು ಯೋಜನೆಗಳು ಬಂದದ್ದೂ ನಮಗೆ ನೆನಪಿದೆ. ಪಟ್ಟಿಗೆ ಸೇರಿದ್ದು ಸಂತೋಷ. ಬೆಳಚು ಆರಿಸುವವರನ್ನು ಕೇಳಿ ಮುಂದಿನ ಯೋಜನೆ ಮಾಡಿದರೆ ಇನ್ನೂ ಸಂತೋಷ.

ಕೇಳುವ ದಾರಿ ಕಾನೂನಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮೀನು, ಹಕ್ಕಿಗಳ ದಾಖಲಾತಿ ಇರಬೇಕು. ನಿಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆ? ಕೆರೆಗೆ, ಹೊಳೆಗೆ ದಿನಾ ಇಳಿಯುವವರು ಒಬ್ಬರಾದರೂ ಇದ್ದಾರೆಯೇ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರ ಸಿಕ್ಕರೆ ನಮಗೂ ಬರೆದು ತಿಳಿಸಿ.