‘ರಿಬೆಲಿಯನ್’ ಎಂಬ ಶಬ್ದವೂ ಕಿತ್ತೂರೂ

1824ರ ಕಿತ್ತೂರಿನ ಕಾಳಗವನ್ನು ಇಂಗ್ಲಿಷಿನಲ್ಲಿ ಬರೆಯುವ ನಮ್ಮ ಸುಶಿಕ್ಷಿತರು ಇಂದಿಗೂ ‘ರಿಬೆಲಿಯನ್’ ಎನ್ನುತ್ತಿರುವುದು ವಿಷಾದಕರವು. (ಈ ಲೇಖಕನೂ ಒಮ್ಮೆ ಹಾಗೆ ಬರೆದವನೇ.) ಶಬ್ದದ ಮೂಲವು ಲ್ಯಾಟಿನ್: ‘ರೆ’ ಎಂದರೆ ಮರಳಿ, ‘ಬೆಲ್ಲುಮ್’ ಎಂದರೆ ಯುದ್ಧ. ಸೋತು ಶರಣಾದವರು ಮರಳಿ ಹೂಡಿದ ಯುದ್ಧವೆಂಬುದೇ ಅದರ ಮೊದಲಿನ ಅರ್ಥ. ಕಿತ್ತೂರು ಕಂಪನಿಗೆ ಎಂದು ಸೋತಿತ್ತು? 1818ರಲ್ಲಿ ಪೇಶವೆಯರ ವಿರುದ್ಧ ಕಂಪನಿಗೇ ನೆರವಾದ ಸಂಸ್ಥಾನವದು!

ಕಪ್ಪ ಕೊಡುತ್ತಿತ್ತಲ್ಲವೇ ಎಂದು ಕೆಲವರು ಕೇಳುವರು. ಕಪ್ಪವು ಕರಾರಿನ ಮಾತು. ದತ್ತಕವನ್ನೊಪ್ಪದೆ ಭಂಡಾರಕ್ಕೆ ಮುದ್ರೆಯೊತ್ತಿಸಿದ ಥ್ಯಾಕರೆಯೇ ಮೊದಲು ಕೈಮಾಡಿದವನು.

ಆ ಶಬ್ದವು ಒಪ್ಪುವುದಾದರೆ ಸಂಗೊಳ್ಳಿ ರಾಯಣ್ಣನಿಗೆ ಒಪ್ಪೀತು. ಕಿತ್ತೂರು ಬಿದ್ದ ಮೇಲೆ ಯುದ್ಧವನ್ನು ಮರಳಿ ಹೂಡಿದವನು ಆತನು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ಚೆನ್ನಮ್ಮರಾಣಿಯನ್ನಾದರೋ ಯುದ್ಧದಲ್ಲಿ ಸೆರೆಸಿಕ್ಕ ಅರಸಿಯೆಂದೇ ಬರೆಯತಕ್ಕದ್ದು.